ಬರಿಗೈ

"ಹಾಕಿಸಿ ಮೂರು ತಿಂಗಳೂ ಆಗಿಲ್ಲ, ನೋಡಿ ಇದರ ಗತಿ!" ಟ್ಯೂಷನ್ ಮೇಡಂ ಪ್ರೊಜೆಕ್ಟರಿನ ಸುಟ್ಟ ಲ್ಯಾಂಪನ್ನು ಕೌಂಟರಿನ ಮೇಲಿಟ್ಟರು. ಅಂಗಡಿಯವನು ಅದನ್ನು ಬಟ್ಟೆಯಲ್ಲಿ ಹಿಡಿದು ಭೂತಗನ್ನಡಿಯಡಿ ತಿರುಗಿಸಿದ. "ಲ್ಯಾಂಪಿನ ತಪ್ಪಲ್ಲ ಮೇಡಂ. ಯಾರೋ ಬರಿಗೈಲಿ ಮುಟ್ಟಿದ್ದಾರೆ. ಬೆರಳಿನ ಜಿಡ್ಡು ಅಂಟಿದ ಜಾಗದಲ್ಲೇ ಗಾಜು ಸುಡೋದು. ಇದಕ್ಕೆ ನಾವು ಜವಾಬ್ದಾರರಲ್ಲ."

"ನಾವ್ಯಾಕೆ ಮುಟ್ಟೋಣ? ನಿಮ್ಮ ತಮ್ಮನೇ ಬಂದು ಹಾಕಿಕೊಟ್ಟಿದ್ದು. ಎಲ್ಲಿ, ಕರೀರಿ ಅವರನ್ನ."

ಅವನು ಮತ್ತೆ ಗಾಜಿನ ಮೇಲೆ ಬಗ್ಗಿದ. ಹೆಬ್ಬೆರಳಿನ ಗೆರೆಗಳು ಬೆಳ್ಳಗೆ ಸುಟ್ಟು ಅಚ್ಚೊತ್ತಿದ್ದವು. ಅವುಗಳ ನಡುವೆ ಅಡ್ಡಕ್ಕೊಂದು ಖಾಲಿ ಗೀಟು. ಚಿಕ್ಕಂದಿನಲ್ಲಿ ತಮ್ಮನ ಬೆರಳನ್ನು ತಗಡು ಕೊಯ್ದಿದ್ದ ಕಲೆ. 'ಬರಿಗೈಲಿ ಲ್ಯಾಂಪು ಮುಟ್ಟಬೇಡ್ವೋ, ನಿನ್ನ ಕೈಗಿಷ್ಟು ಬೆಂಕಿ ಬೀಳ!' ಎಂದು ಅಂಗಡಿಯಲ್ಲಿ ಇವನು ಹನ್ನೆರಡು ವರ್ಷ ದಿನಾ ಗಂಟಲು ಹರಿದುಕೊಂಡಿದ್ದ. ತಮ್ಮ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ನಗುತ್ತಿದ್ದ. ತಮ್ಮ ತೀರಿಕೊಂಡು ಇವತ್ತಿಗೆ ಒಂದೂವರೆ ತಿಂಗಳು.

"ನಮ್ಮದೇ ತಪ್ಪು ಮೇಡಂ," ಅಂದ ಅಂಗಡಿಯವನು. ಲ್ಯಾಂಪನ್ನು ಬಟ್ಟೆಯ ಮೇಲೆ ಮೆಲ್ಲಗೆ ಮಲಗಿಸಿ, ಕಪಾಟಿನಿಂದ ಹೊಸದರ ಡಬ್ಬಿ ತೆಗೆದುಕೊಟ್ಟ. ಮೇಡಂಗೆ ಸಮಾಧಾನವಾಯಿತು. ಹಳೆಯದನ್ನು ತಾವೇ ಕಸದ ಬುಟ್ಟಿಗೆ ಹಾಕಿ ಹೋಗೋಣವೆಂದು ಕೈ ಚಾಚಿದರು.

"ಮುಟ್ಟಬೇಡಿ!"

ಅವನು ಕಿರುಚಿದ ರಭಸಕ್ಕೆ ಮೇಡಂ ಬೆಚ್ಚಿ ಹಿಂದೆ ಸರಿದರು. "ಸುಟ್ಟುಹೋದ ಲ್ಯಾಂಪು ಕಣ್ರೀ," ಅಂದರು, "ಇನ್ನು ಮುಟ್ಟಿದ್ರೆ ಹಾಳಾಗೋದಾದ್ರೂ ಏನಿದೆ?"