ಮಿಸ್ರಿಯಾಳ ತೆಂಗು

ಶಿವಪುತ್ರ ಮೆಲ್ಲಗೆ ಹಿಡಿದು ಎಳೆದದ್ದಷ್ಟೇ, ತೆಂಗಿನ ಸಸಿಯ ಸುಳಿ ಕಿತ್ತು ಅವನ ಕೈಗೇ ಬಂದುಬಿಟ್ಟಿತು. ಬುಡ ಕೊಳೆತು ನಾರುತ್ತಿತ್ತು. ಕಬೀರ್ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡಿ, ಸುಳಿಯನ್ನು ಅವನ ಕೈಯಿಂದ ಕಸಿದುಕೊಂಡು, ಇದ್ದ ಜಾಗದಲ್ಲೇ ತುರುಕಿ ಹೇಗೋ ನೆಟ್ಟಗೆ ನಿಲ್ಲಿಸಿದ.

"ಖಲಾಸ್ ಆತ್ರಿ ಕಬೀರಭಾಯಿ," ಎಂದ ಶಿವಪುತ್ರ. "ಇನ್ನ ಇದು ಉಳಿಯೂದಿಲ್ಲ."

"ಮೆಲ್ಲ ಮಾತಾಡಿ ಮಾರಾಯ್ರೆ! ಒಳಗೆ ಕೇಳ್ತದೆ."

ತೊಂಬತ್ತೆಂಟರ ಫೆಬ್ರವರಿ. ದೋಹಾದಲ್ಲಿ ಬಡಗಣ ಗಾಳಿ ಮೂಳೆ ಕೊರೆಯುತ್ತಿತ್ತು. ಶಿವಪುತ್ರ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ವೆಲ್ಡರು, ಬಿಜಾಪುರದ ಕಡೆಯವನು. ಕಾಲುವೆಯ ನೀರು ನಿಂತು ನಿಂತು ಉಪ್ಪುಗಟ್ಟಿ ಸವಳಾದ ಹೊಲ ನೋಡುತ್ತಲೇ ಬೆಳೆದವನು, ಮಣ್ಣಿನ ವಿಷಯದಲ್ಲಿ ಅವನ ಕಣ್ಣು ತಪ್ಪಿಸಲಾಗದು. ಶುಕ್ರವಾರ ರಜೆಯಲ್ಲವೇ, ಬಂದು ಒಂದು ಸಲ ನೋಡಿ ಎಂದು ಕಬೀರನೇ ಕರೆದಿದ್ದ. ಶಿವಪುತ್ರ ಕುಕ್ಕರುಗಾಲಿನಲ್ಲಿ ಕೂತು ಬುಡದ ಮಣ್ಣು ಕೆರೆದ, ಚಿಟಿಕೆಯಷ್ಟು ನಾಲಿಗೆಗೆ ತಾಗಿಸಿದ, ಥೂ ಎಂದು ಉಗಿದ.

"ಯಾರರ ಉಪ್ಪ ಹಾಕ್ಯಾರೇನ್ರಿ ಇದಕ್ಕ?"

"ಉಪ್ಪಾ? ಎಂತ ಹೇಳ್ತೀರಿ! ದಿನಾ ನಾಲ್ಕು ಬಾಲ್ದಿ ಸಿಹಿನೀರು ಹೊತ್ತು ಹಾಕುವುದು ನಾನು. ಈ ಊರಿನ ಮಣ್ಣೇ ಉಪ್ಪಲ್ವಾ?"

"ಮಣ್ಣಾಗಿನ ಉಪ್ಪ ಬ್ಯಾರೇರಿ. ಇದು ಮ್ಯಾಲಿಂದ ಬಿದ್ದದ್ದು. ನೋಡ್ರಿಲ್ಲೆ." ಅವನ ಅಂಗೈಯಲ್ಲಿ ಇನ್ನೂ ಕರಗದ ಒಂದು ಹರಳಿತ್ತು. ಅಷ್ಟರಲ್ಲಿ ಕಬೀರನ ಹೆಂಡತಿ ಝುಲೈಖಾ ಚಾ ತಂದಳು. ಶಿವಪುತ್ರ ಮುಷ್ಟಿ ಮುಚ್ಚಿದ. ಚಾ ಕುಡಿದವನೇ, ಗಾಳಿ ಜೋರಾಯಿತು ಎಂದು ಏನೋ ನೆಪ ಹೇಳಿ ಹೊರಟುಹೋದ.

ಜುಮಾ ನಮಾಜಿನ ಹೊತ್ತಾಗಿತ್ತು. ಕಬೀರ್ ಮಸೀದಿಗೆ ಹೊರಟ, ಆದರೆ ಕಾಲು ಮುಂದೆ ಹೋದರೂ ಮನಸ್ಸು ಅಂಗಳದಲ್ಲೇ ಉಳಿದಿತ್ತು. ಅದೇನು ಸಾಮಾನ್ಯ ಸಸಿಯೇ! ಊರಿಂದ ತಂದ ತೆಂಗಿನಕಾಯೊಂದು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಈ ಮನೆಯ ಅಡುಗೆಮನೆಯ ಮೂಲೆಯಲ್ಲಿ ಮೊಳಕೆಯೊಡೆದಾಗ, ಅದನ್ನು ಒಡೆಯಕೂಡದು ಎಂದು ಐದು ವರ್ಷದ ಮಗಳು ಮಿಸ್ರಿಯಾ ರಂಪ ಮಾಡಿ, ತಾನೇ ಗುಂಡಿ ತೋಡಿ ನೆಟ್ಟದ್ದು. ನಾಲ್ಕು ತಿಂಗಳಿಗೆ ಅವಳಿಗೆ ಜ್ವರ ಬಂತು, ಆರೇ ದಿನದಲ್ಲಿ ಹೋದಳು. ಅಬು ಹಮೂರಿನ ಖಬರಸ್ಥಾನದಲ್ಲಿ ಅವಳನ್ನು ದಫನ ಮಾಡಿದ ಜಾಗವನ್ನು ಝುಲೈಖಾ ಕಂಡೇ ಇಲ್ಲ, ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಹೆತ್ತವಳಿಗೆ ಕೂತು ಅಳಲು ಉಳಿದದ್ದು ಈ ಸಸಿಯ ಬುಡವೊಂದೇ. ಅದಕ್ಕೇ ಎರಡು ಚಳಿಗಾಲ ಕಬೀರ್ ಅದಕ್ಕೆ ಗೋಣಿ ಹೊದಿಸಿ, ಗಾಳಿಗೆ ತಟ್ಟಿ ಕಟ್ಟಿ, ಕೂಸಿನಂತೆ ಸಾಕಿದ್ದ.

ಬೀದಿಯ ತಿರುವಿನಲ್ಲಿ ಟೊಪ್ಪಿ ಮರೆತದ್ದು ನೆನಪಾಗಿ ಅವನು ಹಿಂದಿರುಗಿದ.

ಗೇಟು ತೆರೆದದ್ದು ಝುಲೈಖಾಗೆ ಕೇಳಿಸಲಿಲ್ಲ. ಅವಳು ಸಸಿಯ ಮುಂದೆ ಮಂಡಿಯೂರಿ ಕೂತಿದ್ದಳು. ಮಡಿಲಲ್ಲಿ ಕಲ್ಲುಪ್ಪಿನ ಡಬ್ಬಿ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತ, ಹಿಡಿ ಹಿಡಿಯಾಗಿ ಬುಡದ ಸುತ್ತ ಹಾಕುತ್ತಿದ್ದಳು.

"ಝುಲೈಖಾ!"

ಅವಳು ಬೆಚ್ಚಿಬಿದ್ದಳು. ಕದ್ದು ಸಿಕ್ಕಿಬಿದ್ದವರ ಹಾಗೆ ಮುಖ ಸಣ್ಣದಾಯಿತು. "ಬೈಬೇಡಿ, ಆಯ್ತಾ? ಊರಲ್ಲಿ ನನ್ನ ಉಮ್ಮ ಎಲ್ಲ ಸಸಿಗೂ ಹಾಕ್ತಿದ್ರು. ಉಪ್ಪು ಬಿದ್ರೆ ತೆಂಗು ಬೇಗ ಮೇಲೆ ಬರ್ತದೆ. ನೀರು ಹಾಕುದು ನೀವು, ಗೋಣಿ ಹೊದಿಸುದು ನೀವು. ನಾನೂ ಎಂತಾದ್ರೂ ಮಾಡ್ಬೇಕಲ್ಲಾ ಅವಳಿಗೆ? ಎರಡು ವರ್ಷದಿಂದ ಒಂದೇ ಒಂದು ಶುಕ್ರವಾರ ತಪ್ಪಿಸ್ಲಿಲ್ಲ ನಾನು."

ಕಬೀರನಿಗೆ ಸಿಟ್ಟು ನೆತ್ತಿಗೇರಿತು. ಇದು ಊರಲ್ಲ, ಮಳೆ ಬಂದು ಉಪ್ಪು ತೊಳೆದುಹೋಗಲು ಇಲ್ಲಿ ಮಳೆ ಎಲ್ಲಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಿಂದಿನದೆಲ್ಲ ಕಣ್ಣ ಮುಂದೆ ಬಂತು. ಜ್ವರದ ಮೊದಲ ಎರಡು ದಿನ ಆಸ್ಪತ್ರೆ ಬೇಡ ಎಂದು ಮನೆಯಲ್ಲೇ ಕಷಾಯ ಕುಡಿಸಿದವಳು ಇವಳೇ. ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ ಎಂದು ವರ್ಷವಿಡೀ ಗೋಡೆಗೆ ತಲೆ ಜಜ್ಜಿಕೊಂಡವಳು ಇವಳೇ. ಕಳೆದ ಪೆರ್ನಾಲ್ ಹಬ್ಬದಿಂದೀಚೆಗಷ್ಟೇ ಹೊಟ್ಟೆಗೆ ಸರಿಯಾಗಿ ಎರಡು ತುತ್ತು ತಿನ್ನುತ್ತಿದ್ದಾಳೆ. ಯಾ ಅಲ್ಲಾಹ್, ಕೊಂದದ್ದು ನೀನೇ ಎಂದು ಅದೇ ಕೈಗೆ ಇನ್ನೊಂದು ಸಲ ಹೇಗೆ ಹೇಳುವುದು?

"ಶಿವಪುತ್ರ ಎಂತ ಹೇಳಿದ್ರು?" ಎಂದು ಅವಳು ಕೇಳಿದಳು.

"ಚಳಿಯಂತೆ. ಇಲ್ಲಿನ ಚಳಿ ತೆಂಗಿಗೆ ಆಗುದಿಲ್ಲವಂತೆ."

"ನಮ್ಮಿಂದ ಎಂತ ತಪ್ಪಾಗ್ಲಿಲ್ಲ ಅಲ್ವಾ?"

"ನಮ್ಮದೆಂತ ತಪ್ಪು? ಚಳಿಗೆ ಯಾರು ಎಂತ ಮಾಡ್ಲಿಕ್ಕಾಗ್ತದೆ?"

ಅವಳು ಉಸಿರು ಬಿಟ್ಟು ಸಸಿಯನ್ನು ನೋಡಿದಳು. "ಆದ್ರೂ ನೋಡಿ, ಸುಳಿ ಇವತ್ತು ಸ್ವಲ್ಪ ನೆಟ್ಟಗಾದ ಹಾಗೆ ಕಾಣ್ತದೆ."

"ಹೌದು," ಎಂದ ಕಬೀರ್. ಟೊಪ್ಪಿ ತರುವುದನ್ನೂ ಮರೆತು ಅವಳ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತ. ದೂರದ ಮಸೀದಿಯಲ್ಲಿ ಖುತ್ಬಾ ಪ್ರವಚನ ಶುರುವಾಗಿತ್ತು.

"ಡಬ್ಬಿ ಇಲ್ಲಿ ಕೊಡು," ಎಂದು ಕೈ ಚಾಚಿದ. "ಇವತ್ತು ನಾನೂ ಒಂದು ಹಿಡಿ ಹಾಕ್ತೇನೆ."