ಅಂಡಮಾನಿನ ದಾರಿಯಲ್ಲಿ

ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ಹಿಡಿಯಲೊಂದು ಕಂಬ ಹುಡುಕುತ್ತದೆ.

ದೇವನಹಳ್ಳಿಯಿಂದ ವಿಮಾನಗಳು ಹಾರತೊಡಗಿದ್ದ ಕಾಲ. ಆಕಾಶದಲ್ಲಿ ಹೋಗಲಾರೆನೆಂದ ಸಮೇತನಹಳ್ಳಿಯ ಅಜ್ಜಿ, ಅಂಡಮಾನಿನಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆ ನನ್ನನ್ನೂ ಕರೆದುಕೊಂಡು ಚೆನ್ನೈನಲ್ಲಿ ಡೀಸೆಲ್ ನಾರುವ ಹಡಗು ಹತ್ತಿದಳು.

ಮರುದಿನ ಮಧ್ಯಾಹ್ನ ಚಂಡಮಾರುತ ಬಡಿಯಿತು. ಹಡಗು ವಾಲಿತು, ಕಿಟಕಿಯ ಗಾಜು ಒಡೆದು ಉಪ್ಪುನೀರು ನಮ್ಮ ಮೇಲೆ ಅಪ್ಪಳಿಸಿತು. ಅಜ್ಜಿ ನನ್ನನ್ನು ಕಂಬಕ್ಕೆ ಒತ್ತಿ ಅಡ್ಡ ನಿಂತಳು. ಯಾರದೋ ಟ್ರಂಕು ಹಾರಿಬಂದು ಅವಳ ಮೊಣಕೈಗೆ ಬಡಿಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

"ಅಳ್ಬೇಡ ಕಣೇ, ಗಟ್ಟಿಯಾಗಿ ಹಿಡ್ಕೊ," ಎಂದಳು.

ಹಡಗು ಚೆನ್ನೈಗೇ ಹಿಂದಿರುಗಿತು. ಇಳಿದವರೆಲ್ಲ ನೆಲ ಮುಟ್ಟಿ ಅಳುತ್ತಿದ್ದರು. ಅಜ್ಜಿ ಮಾತ್ರ ಬಾತ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಟಿಕೆಟ್ ಕೊಡುವವನ ಮುಂದೆ ನಿಂತು ಕನ್ನಡದಲ್ಲೇ ಕೇಳುತ್ತಿದ್ದಳು:

"ಮುಂದಿನ ಹಡಗು ಯಾವಾಗಪ್ಪಾ? ನನ್ ಮಗಳು ಅಲ್ಲಿ ಒಬ್ಳೇ ಅವ್ಳೆ."