ಶಿಖರದಿಂದ ಇಳಿದು ಬಂದವರು

ಸಾವಾದ ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನಬಾರದು, ಸುಮ್ಮನೆ ಎದ್ದು ನಡೆಯಬೇಕು ಎಂಬುದು ನಮ್ಮ ಸೀಮೆಯ ಹಳೆಯ ನಡಾವಳಿ. ನನಗೆ ಈ ಕಥೆ ಹೇಳಿದವರೂ ಅಲ್ಲಿಂದಲೇ ಆರಂಭಿಸಿದರು.

ಹಿಮಪರ್ವತ ಹತ್ತಲು ಇಬ್ಬರು ಗೆಳೆಯರು ಹೋಗಿದ್ದರು. ಇಳಿದು ಬಂದವನು ಷಡಕ್ಷರಿ ಒಬ್ಬನೇ. ಗೆಳೆಯ ಹಿಮದಡಿ ಸೇರಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಗೆಳೆಯನ ತಾಯಿ, ದೃಷ್ಟಿ ಮಂಜಾಗಿದ್ದ ದಾಕ್ಷಾಯಣಮ್ಮನ ಎದುರು ನಿಂತಾಗ, “ದಾರಿ ತಪ್ಪಿದಾನೆ ಅಷ್ಟೆ, ಬರ್ತಾನೆ” ಎಂಬ ಮಾತು ಬಾಯಿಂದ ಹೊರಟುಬಿಟ್ಟಿತು. ಆ ಮಾತನ್ನು ಉಳಿಸಿಕೊಳ್ಳಲೆಂದೇ ಪ್ರತಿ ಭಾನುವಾರ ಬಂದು, ಹೆಸರಾಂತ ಪರ್ವತಾರೋಹಿಗಳ ಜೀವನಚರಿತ್ರೆಗಳನ್ನು ಆಕೆಗೆ ಓದಿ ಹೇಳತೊಡಗಿದ. ಪುಸ್ತಕದಲ್ಲಿ ಸತ್ತವರನ್ನೂ ತನ್ನ ಬಾಯಲ್ಲಿ ಬದುಕಿಸಿ ಮನೆ ಮುಟ್ಟಿಸುತ್ತಿದ್ದ. ಹೊರಡುವಾಗ ಬೇಕೆಂದೇ ಗಟ್ಟಿಯಾಗಿ “ಹೋಗಿ ಬರ್ತೀನಮ್ಮ” ಎನ್ನುತ್ತಿದ್ದ. “ಹ್ಞೂಂ, ಬಾಪ್ಪ” ಎನ್ನುತ್ತಿದ್ದರು ಆಕೆ.

ಆ ಭಾನುವಾರದ ಪುಸ್ತಕದ ಧೀರನೂ ಶಿಖರದಲ್ಲೇ ಉಳಿದುಹೋಗಿದ್ದ. ಷಡಕ್ಷರಿ ಕೊನೆಯ ಹಾಳೆ ಮಗುಚಿ, “ಇಳಿದು ಬಂದ ಕಣಮ್ಮ” ಎಂದ.

“ಅವರವ್ವ ಏನ್ಮಾಡಿದ್ಲು?”

“ಶಾವಿಗೆ ಪಾಯಸ ಮಾಡಿ ಬಡಿಸಿದ್ಲಂತೆ.”

“ಆ ಬಿಳಿ ಜನರ ದೇಶದಲ್ಲೂ ಶಾವಿಗೆ ಒತ್ತುತಾರೇನೋ?” ದಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ನೀನು ಓದೋಕೆ ಕೂತ್ರೆ ಒಬ್ಬರೂ ಸಾಯಲ್ಲ ನೋಡು.”

ಷಡಕ್ಷರಿಗೆ ನಗು ಬರಲಿಲ್ಲ. ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿ, ಎಂದಿನಂತೆ ಹೊಸಿಲಲ್ಲಿ ತಿರುಗಿ ನಿಂತ.

“ಹೋಗಿ…”

ಆಕೆ ತಡವರಿಸುತ್ತ ಬಂದು ಅವನ ಕೈ ಹಿಡಿದುಕೊಂಡರು.

“ಇವತ್ತಿಂದ ಹಂಗನ್ನಬ್ಯಾಡ ಮಗ. ಸುಮ್ನೆ ಹೋಗು.”